ಎಣ್ಣೆಚುಕ್ಕೆಯ ಪ್ರಶ್ನೆ

ಬುಟ್ಟಿ ಅರ್ಧಕ್ಕೆ ಬಂದಿತ್ತು. ಕಿನ್ನಿ ಎಡಗೈಯ ಎರಡು ಬೆರಳುಗಳಲ್ಲಿ ಗೇರುಬೀಜವನ್ನು ಕಲ್ಲಿನ ಮೇಲೆ ನಿಲ್ಲಿಸಿದಳು. ಬಲಗೈಯ ಮರದ ಕೊಡತಿಯಿಂದ ಅದರ ಬೆನ್ನಿಗೆ ಒಂದು ಏಟು. ತಿರುಗಿಸಿ ಇನ್ನೊಂದು. ಏಟು ಜೋರಾದರೆ ತಿರುಳು ಚೂರಾಗುತ್ತದೆ. ಮೆಲ್ಲಗಾದರೆ ಸಿಪ್ಪೆ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟಾಗ ಒಳಗಿನ ಎಣ್ಣೆ ಚಿಮ್ಮುತ್ತದೆ. ಬೆರಳಿನ ಮೇಲೆ, ಮಣಿಕಟ್ಟಿನ ಮೇಲೆ, ಕೆಲವೊಮ್ಮೆ ರೆಪ್ಪೆಯ ಮೇಲೆ. ಬಿದ್ದಲ್ಲಿ ಸುಡುತ್ತದೆ, ಸುಟ್ಟಲ್ಲಿ ಕಪ್ಪಾಗುತ್ತದೆ, ಕಪ್ಪಾದ ಚರ್ಮ ಎದ್ದು ಬರುತ್ತದೆ. ಬೂದಿಗೆ ಕೈ ಅದ್ದಿ ಮುಂದಿನ ಬೀಜ ತೆಗೆದುಕೊಳ್ಳಬೇಕು.

ಆ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೊಟ್ಟಿಗೆ ಹೊರಗಿತ್ತು. ತಿರುಳಿನ ತೆಳು ಸಿಪ್ಪೆ ಸುಲಿಯುವ ಕೋಣೆ ಒಳಗಿತ್ತು. ಒಳಗೆ ಫ್ಯಾನು ಇತ್ತು, ಬೆಂಚು ಇತ್ತು. ತಿರುಳು ಹಡಗು ಹತ್ತಿ ದೊರೆಗಳ ದೇಶಕ್ಕೆ ಹೋಗುತ್ತದಂತೆ. ಆ ತಿರುಳನ್ನು ಕಿನ್ನಿ ಒಡೆದು ತೆಗೆಯಬಹುದು. ಅದನ್ನು ಸುಲಿಯುವ ಕೋಣೆಗೆ ಅವಳು ಕಾಲಿಡುವ ಹಾಗಿಲ್ಲ. ಅವಳ ಜಾತಿಯ ಕೈ ಸೋಕಿದರೆ ಸುಲಿಯುವವರು ಎದ್ದು ಹೋಗುತ್ತಾರೆ ಎಂದು ಮೇಸ್ತ್ರಿ ಹೇಳುತ್ತಿದ್ದ. ತಿನ್ನುವ ದೊರೆಗಳು ಏನು ಹೇಳುತ್ತಾರೆಂದು ಯಾರೂ ಕೇಳಿರಲಿಲ್ಲ.

“ಮಗಳ ಪರೀಕ್ಷೆ ಇವತ್ತು ಮುಗೀತದಾ?” ಪಕ್ಕದ ಕಲ್ಲಿನ ಅಪೊಲೋನಿಯಾ ಬಾಯಿ ಕೇಳಿದಳು.

“ಇವತ್ತು ಫಿಸಿಕ್ಸ್ ಅಂತೆ. ನಾಳೆ ಇನ್ನೊಂದುಂಟು.”

“ಫಿಸಿಕ್ಸ್ ಅಂದ್ರೆ ಎಂತ?”

“ಗೊತ್ತಿಲ್ಲ. ದೀಪ, ತೂಕ, ನೀರು. ಅಂಥದ್ದು.”

“ಅದೆಲ್ಲ ನಾವೂ ಮಾಡ್ತೇವಲ್ಲ,” ಎಂದು ಅಪೊಲೋನಿಯಾ ನಕ್ಕಳು. “ನಮಗೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ.”

ಕಿನ್ನಿಯೂ ನಕ್ಕಳು. ಬಲಗೈ ಮಣಿಕಟ್ಟು ಇನ್ನೂ ನೋಯುತ್ತಿತ್ತು. ಹೋದ ವಾರ ಅದು ಊದಿ, ಕೊಡತಿ ಎತ್ತಲಾಗದೆ ಹೋಗಿತ್ತು. ಜಾಗ ಖಾಲಿ ಬಿಟ್ಟರೆ ಗುರುವಪ್ಪ ಮೇಸ್ತ್ರಿ ಆ ಕಲ್ಲಿನ ಮುಂದೆ ಬೇರೆಯವಳನ್ನು ಕೂರಿಸುತ್ತಾನೆ. ಮತ್ತೆ ಆ ಜಾಗ ಸಿಗುವುದಿಲ್ಲ. ಮಗಳು ಕುಶಲಾ ಪುಸ್ತಕ ಮುಚ್ಚಿಟ್ಟು ಬಂದು ತಾಯಿಯ ಕಲ್ಲಿನ ಮುಂದೆ ಕೂತಳು. ಕೂತದ್ದು ಎರಡೇ ದಿನ. ಅಭ್ಯಾಸವಿಲ್ಲದ ಕೈ. ಹತ್ತು ಬೆರಳೂ ಸುಟ್ಟವು.

ಈ ದಿನ ಬೆಳಿಗ್ಗೆ ಪೆನ್ನು ಹಿಡಿದು ನೋಡಿ ಕುಶಲಾ ಹಲ್ಲು ಕಚ್ಚಿಕೊಂಡಿದ್ದಳು. ಉರಿ. ಕಿನ್ನಿ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಮಗಳ ಒಂದೊಂದು ಬೆರಳಿಗೂ ಹಚ್ಚಿ ತಿಕ್ಕಿದಳು. ಬೀಜದ ಎಣ್ಣೆ ಸುಟ್ಟಲ್ಲಿಗೆ ಆ ಕೊಟ್ಟಿಗೆಯ ಹೆಂಗಸರೆಲ್ಲ ಮಾಡುವುದು ಅದನ್ನೇ.

“ಹೇಗೆ ಬರೀತಿ?” ಎಂದು ಕೇಳಿದ್ದಳು.

“ಬರೀತೇನೆ ಅಪ್ಪೆ.” ತಾಯಿಯನ್ನು ಅವಳು ಕರೆಯುವುದು ಅಪ್ಪೆ ಎಂದೇ. “ಅಲ್ಲಿ ಹೆಸರು ಕೇಳುವುದಿಲ್ಲ. ಜಾತಿ ಕೇಳುವುದಿಲ್ಲ. ಪೇಪರ್ ಮದರಾಸಿಗೆ ಹೋಗ್ತದೆ. ಅಲ್ಲಿ ನಾನು ಬರೀ ಒಂದು ನಂಬರ್.”

ಆ ಮಾತನ್ನು ಹೇಳುವಾಗ ಅವಳ ಮುಖ ಬೆಳಗಿತ್ತು. ನಂಬರ್ ಆಗುವುದರಲ್ಲಿ ಅಷ್ಟು ಸುಖ ಏನಿದೆ ಎಂದು ಕಿನ್ನಿಗೆ ಆಗ ತಿಳಿದಿರಲಿಲ್ಲ. ಆದರೆ ಪಾಸಾದರೆ ಟೀಚರ್ ಟ್ರೈನಿಂಗಿಗೆ ಸೇರಬಹುದು, ಟ್ರೈನಿಂಗ್ ಆದರೆ ಶಾಲೆಯಲ್ಲಿ ಟೀಚರಾಗಬಹುದು, ಆಮೇಲೆ ಈ ಕಲ್ಲಿನ ಮುಂದೆ ಕೂರಬೇಕಾಗಿಲ್ಲ ಎಂಬುದು ತಿಳಿದಿತ್ತು. ಗಂಡ ಘಟ್ಟದ ಮೇಲಿನ ಕಾಫಿತೋಟಕ್ಕೆ ಹೋದವನು ಜ್ವರ ಬಂದು ಅಲ್ಲೇ ಸತ್ತಿದ್ದ. ಅಂದಿನಿಂದ ಅವಳು ಕೊಡತಿ ಎತ್ತಿದ್ದೆಲ್ಲ ಈ ಒಂದು ಸರ್ಟಿಫಿಕೇಟಿಗೆ.

ಮಧ್ಯಾಹ್ನದ ಗಂಜಿಯ ಹೊತ್ತಿಗೆ ಅವಳು ಗುರುವಪ್ಪ ಮೇಸ್ತ್ರಿಯ ಮುಂದೆ ನಿಂತಳು.

“ಧನಿ, ಅರ್ಧ ದಿನ ರಜೆ ಬೇಕಿತ್ತು. ಮಗಳನ್ನು ಕರ್ಕೊಂಡು ಬರ್ಲಿಕ್ಕೆ.”

“ಮಗಳಿಗೆ ಕಾಲಿಲ್ವಾ?”

“ಉಂಟು ಧನಿ.”

“ಹಾಗಾದ್ರೆ?” ಮೇಸ್ತ್ರಿ ಎಲೆಯಡಿಕೆ ಉಗಿದ. “ಎಸ್ಸೆಸ್ಸೆಲ್ಸಿ ಅಂತೆ. ಪಾಸಾದ ಮೇಲೆ ಬೀಜ ಇಂಗ್ಲಿಷಿನಲ್ಲಿ ಒಡೀತಾಳಾ? ಹೋಗು. ನಾಳೆ ಹೊತ್ತಿಗೆ ಸರಿಯಾಗಿ ಬಾ.”

ಶಾಲೆ ಹಂಪನಕಟ್ಟೆಯ ಮೇಲಿನ ದಿಣ್ಣೆಯಲ್ಲಿತ್ತು. ಕಿನ್ನಿ ಅಲ್ಲಿಗೆ ಬಂದಾಗ ಪರೀಕ್ಷೆ ಬಿಟ್ಟಿತ್ತು. ಹುಡುಗರು ಅಂಗಳದ ಹಲಸಿನ ಮರದ ಕೆಳಗೆ, ಮುರಕಲ್ಲಿನ ಮೋಟುಗೋಡೆಯ ಮೇಲೆ ಗುಂಪುಗುಂಪಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಪ್ರಶ್ನೆಪತ್ರಿಕೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕುಶಲಾ ಕಾಣಲಿಲ್ಲ. ಕಿನ್ನಿ ಗೋಡೆಯ ಹೊರಗೆ ನಿಂತಳು.

“ಮೂರನೆಯದಕ್ಕೆ ನಿಂಗೆ ಎಷ್ಟು ಬಂತು ಅಬ್ದುಲ್ಲ?” ಗೋಡೆಯ ಮೇಲಿದ್ದ ಉದ್ದನೆಯ ಹುಡುಗ ಕೇಳಿದ.

“ಎಂಟು ಬಿಂದು ಒಂಬತ್ತು.”

“ಸಾವು ಮಾರಾಯ. ನಂಗೆ ಎರಡು ಬಿಂದು ಏಳು.”

“ತಾಮ್ರಕ್ಕೆ ಎರಡು ಬಿಂದು ಏಳಾ? ನೀನು ಅದನ್ನು ನೀರಲ್ಲಿ ತೂಗಿದ್ದಾ, ಕಳ್ಳಲ್ಲಿ ತೂಗಿದ್ದಾ, ಮ್ಯಾಕ್ಸಿಮ್?”

ಗುಂಪು ನಕ್ಕಿತು. ಮ್ಯಾಕ್ಸಿಮ್ ಪ್ರಶ್ನೆಪತ್ರಿಕೆಯಿಂದ ಅಬ್ದುಲ್ಲನ ತಲೆಗೆ ಬಡಿದ.

“ಅದು ಹೋಗ್ಲಿ. ಆರನೆಯದು? ಎಣ್ಣೆಚುಕ್ಕೆಯದ್ದು?”

“ಚಿತ್ರ ಬರೆದೆ. ವಿವರಣೆ ಮರ್ತುಹೋಯ್ತು.”

“ವಿವರಣೆ ಎಂತದು ಅದ್ರಲ್ಲಿ? ಕಾಗದದಲ್ಲಿ ಒಂದು ಎಣ್ಣೆಚುಕ್ಕೆ. ಆಚೆ ಒಂದು ದೀಪ, ಈಚೆ ಒಂದು ದೀಪ. ಎದುರಿಂದ ಬೆಳಕು ಬಿದ್ರೆ ಚುಕ್ಕೆ ಕಪ್ಪು ಕಾಣ್ತದೆ, ಹಿಂದಿನಿಂದ ಬಂದ್ರೆ ಬೆಳ್ಳಗೆ ಕಾಣ್ತದೆ. ಎರಡೂ ಕಡೆ ಸಮ ಆದ್ರೆ ಚುಕ್ಕೆಯೇ ಕಾಣುವುದಿಲ್ಲ.”

“ನೀವು ಚಿತ್ರ ಬರೆದು ಸತ್ರಿ,” ಮ್ಯಾಕ್ಸಿಮ್ ಹೇಳಿದ. “ಕಡೇ ಬೆಂಚಿನವಳು ಚುಕ್ಕೆಯನ್ನೇ ಕೊಟ್ಟಿದ್ದಾಳೆ. ಪುಟಕ್ಕೊಂದು.”

ಈ ಸಲ ನಗು ಮರದವರೆಗೂ ಹೋಯಿತು.

“ಸೂಪರ್‌ವೈಸರ್ ಅವಳ ಪೇಪರನ್ನು ಕಿಟಕಿ ಹತ್ರ ಬೆಳಕಿಗೆ ಹಿಡಿದ್ರಲ್ಲ, ಆಗಲೇ ನಂಗೆ ಆರನೆಯ ಪ್ರಶ್ನೆ ಅರ್ಥ ಆದದ್ದು.”

“ಹಾಗಾದ್ರೆ ಅವಳಿಗೆ ಪೂರ್ತಿ ಮಾರ್ಕು.”

“ಮಾರ್ಕು ಎಲ್ಲಿಂದ? ಗುರುತು ಮಾಡಿದ ಪೇಪರ್ ಅಂತೆ. ಹೋಗುವುದೇ ಇಲ್ಲ.”

ಕಿನ್ನಿಗೆ ತಾಮ್ರ ಅರ್ಥವಾಗಲಿಲ್ಲ, ದೀಪ ಅರ್ಥವಾಗಲಿಲ್ಲ. ಕಡೇ ಬೆಂಚು ಅರ್ಥವಾಯಿತು, ಶಾಲೆಯಲ್ಲಿ ಕುಶಲಾ ಕೂರುವುದು ಅಲ್ಲೇ. ಎಣ್ಣೆ ಅರ್ಥವಾಯಿತು.

ಮ್ಯಾಕ್ಸಿಮ್ ಅವಳನ್ನು ಕಂಡ. “ಏ, ಎಂತ ಬೇಕು? ಕಸ ತೆಗೀಲಿಕ್ಕೆ ಬಂದದ್ದಾ? ಹಿಂದಿನ ಬಾಗಿಲಿಂದ ಹೋಗು.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗಿತ್ತು. ಕಿನ್ನಿ ಹಿಂದಿನ ಬಾಗಿಲಿನ ಕಡೆ ಹೊರಟೇಬಿಟ್ಟಳು. ಕಾಲಿಗೆ ಅದೇ ರೂಢಿ. ಆಗ ಹುಡುಗಿಯೊಬ್ಬಳು ಓಡಿ ಬಂದಳು. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಮೊಣಕಾಲಿಗಿಂತ ಕೆಳಗಿನ ಬಿಳಿ ಫ್ರಾಕು.

“ನೀವು ಕುಶಲಾನ ತಾಯಿ ಅಲ್ವಾ? ನಾನು ಎಸ್ತೆರ್. ಅವಳ ಕ್ಲಾಸು.”

ನೀವು ಎಂದದ್ದು ಯಾರಿಗೆ ಎಂದು ಕಿನ್ನಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

“ಅವಳನ್ನು ಆಫೀಸಿನಲ್ಲಿ ನಿಲ್ಲಿಸಿದ್ದಾರೆ. ಬನ್ನಿ. ಇಲ್ಲಿಂದಲೇ ಬನ್ನಿ.”

ಆಫೀಸು ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕುಶಲಾ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ. ಮೇಜಿನ ಆಚೆ ಹೆಡ್‌ಮಾಸ್ತರರು. ಅವರ ಬದಿಗೆ ಪರೀಕ್ಷೆಯ ಸೂಪರ್‌ವೈಸರು, ಬೇರೆ ಶಾಲೆಯಿಂದ ಬಂದವರು. ಮೇಜಿನ ಮೇಲೆ ಕುಶಲಾಳ ಉತ್ತರಪತ್ರಿಕೆ. ದೊರೆಗಳ ಯುದ್ಧ ಬಂದ ಮೇಲೆ ಕಾಗದ ತೆಳ್ಳಗಾಗಿತ್ತು. ಪುಟದ ಮೂಲೆಯಲ್ಲಿ ಕಂದು ಬಣ್ಣದ ಎಣ್ಣೆಯ ಕಲೆ, ಬೆರಳಿನ ಅಗಲದ್ದು. ಅದು ಕೆಳಗಿನ ಪುಟಕ್ಕೂ ಇಳಿದಿತ್ತು. ತೆಂಗಿನೆಣ್ಣೆ ಸುಟ್ಟ ಚರ್ಮದ ಕಪ್ಪನ್ನು ಎಬ್ಬಿಸಿತ್ತು. ಚೈತ್ರದ ಸೆಕೆಯಲ್ಲಿ ಬೆವರು ಅದನ್ನು ಕಾಗದಕ್ಕೆ ಒತ್ತಿತ್ತು.

ಕಿನ್ನಿ ಹೊಸಿಲಿನ ಹೊರಗೆ ನಿಂತಳು. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಬೇರೆ ಶಾಲೆಯವರು ಬೇಡ ಎಂದಾಗ ಕುಶಲಾಳನ್ನು ಸೇರಿಸಿಕೊಂಡವರು ಅವರೇ. ಪ್ರಯೋಗದ ಕೋಣೆಯಲ್ಲಿ ಅವಳು ಬಾಗಿಲ ಬಳಿ ನಿಂತೇ ನೋಡಬೇಕೆಂದು ಹೇಳಿದವರೂ ಅವರೇ. ಇಬ್ಬರಿಗೂ ತೊಂದರೆಯಾಗಬಾರದಲ್ಲ, ಎಂದಿದ್ದರು. ಇನ್ನೊಬ್ಬರು ಯಾರು ಎಂದು ಹೇಳಿರಲಿಲ್ಲ.

“ನೋಡು ಕಿನ್ನಿ,” ಅವರು ಹೇಳಿದರು. “ಪೇಪರಿನಲ್ಲಿ ಹೆಸರು ಇರ್ಬಾರದು, ಊರು ಇರ್ಬಾರದು, ನಂಬರ್ ಮಾತ್ರ. ಬರೆದವರು ಯಾರು ಅಂತ ಮದರಾಸಿನಲ್ಲಿ ನೋಡುವವರಿಗೆ ತಿಳೀಬಾರದು. ಯಾವ ಗುರುತೂ ಇರುವ ಹಾಗಿಲ್ಲ. ಇದು ಗುರುತು. ಬೇಕೂಂತ ಮಾಡಿದ್ದು ಅಂತ ಇವರು ರಿಪೋರ್ಟು ಬರೀಬೇಕಾಗ್ತದೆ. ಬರೆದ್ರೆ ಪೇಪರ್ ಹೋಯ್ತು. ಅದಕ್ಕೆ ನಾನೊಂದು ದಾರಿ ಹುಡುಕಿದ್ದೇನೆ. ಒಂದು ಹೇಳಿಕೆ. ಇವಳು ರುಜು ಹಾಕಿದ್ರೆ ಪೇಪರಿನ ಒಟ್ಟಿಗೆ ಕಳಿಸ್ತೇವೆ. ಓದಿ, ಕೇಳ್ಲಿ.”

ಸೂಪರ್‌ವೈಸರು ಕಾಗದ ಎತ್ತಿಕೊಂಡು ಓದಿದರು.

“ಈ ಅಭ್ಯರ್ಥಿಯು ಪಂಚಮ ಜಾತಿಗೆ ಸೇರಿದ ಬೀಜದ ಕಾರ್ಖಾನೆಯ ಕೂಲಿ ಹೆಂಗಸಿನ ಮಗಳಾಗಿದ್ದು, ಶುಚಿತ್ವದ ಅಭ್ಯಾಸವಿಲ್ಲದ ಕಾರಣ ಉತ್ತರಪತ್ರಿಕೆಯನ್ನು ಮಲಿನಗೊಳಿಸಿರುತ್ತಾಳೆ. ಇದರಲ್ಲಿ ದುರುದ್ದೇಶವಿರುವುದಿಲ್ಲ. ದಯವಿಟ್ಟು ಮನ್ನಿಸಬೇಕು.”

ಹೊರಗೆ ಹುಡುಗರು ಇನ್ನೂ ಉತ್ತರ ತಾಳೆ ನೋಡುತ್ತಿದ್ದರು.

“ಇದಕ್ಕೆ ನಾನು ರುಜು ಹಾಕುವುದಿಲ್ಲ ಸರ್,” ಕುಶಲಾ ಹೇಳಿದಳು.

“ಯಾಕೆ? ಸುಳ್ಳು ಎಂತ ಉಂಟು ಅದ್ರಲ್ಲಿ?” ಸೂಪರ್‌ವೈಸರು ಕೇಳಿದರು.

“ಕೈ ತೊಳೆದೇ ಬಂದದ್ದು ಸರ್. ಸೀಗೆ ಹಾಕಿ ತಿಕ್ಕಿ ತೊಳೆದ ಮೇಲೆ ಉರಿಗೆ ಎಣ್ಣೆ ಹಚ್ಚಿದ್ದು. ಈ ಕಪ್ಪು ತೊಳೆದ್ರೆ ಹೋಗುವಂಥದ್ದಲ್ಲ.”

“ಅದನ್ನೇ ಅಲ್ವಾ ಬರೆದದ್ದು?”

“ಅಲ್ಲ. ಶುಚಿತ್ವದ ಅಭ್ಯಾಸ ಇಲ್ಲ ಅಂತ ಬರೆದದ್ದು. ಬೀಜ ಒಡೆದು ಕೈ ಸುಟ್ಟಿದೆ ಅಂತ ಬರೀರಿ. ಈಗಲೇ ರುಜು ಹಾಕ್ತೇನೆ.”

“ಕೇಳಿದ್ರಾ?” ಸೂಪರ್‌ವೈಸರು ಹೆಡ್‌ಮಾಸ್ತರರ ಕಡೆ ತಿರುಗಿದರು. “ಡಿಕ್ಟೇಶನ್ ಕೊಡ್ತಾಳೆ ನಮಗೆ.”

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅವರ ದನಿ ಮೆತ್ತಗೇ ಇತ್ತು. “ಮಗಾ, ಕೈ ಸುಟ್ಟಿದೆ ಅಂದ್ರೆ ಮದರಾಸಿನವರಿಗೆ ತಿಳಿಯುವುದಿಲ್ಲ. ಬೀಜದ ಎಣ್ಣೆಯನ್ನು ಅವರು ಎಲ್ಲಿ ಕಂಡಿದ್ದಾರೆ? ಜಾತಿ ಬರೆದ್ರೆ ಕೂಡಲೇ ತಿಳೀತದೆ. ಪಾಪ ಅಂತ ಬಿಡ್ತಾರೆ.”

“ಪಾಪ ಅಂತ ಬಿಡುವುದು ಬೇಡ ಸರ್. ನಂಬರಿನಲ್ಲೇ ಹೋಗ್ಲಿ.”

“ನಂಬರಿನಲ್ಲಿ ಹೋಗುವ ಹಾಗೆ ನೀನು ಇಟ್ಟಿದ್ದೀಯಾ?” ಸೂಪರ್‌ವೈಸರು ನಡುವೆ ಬಾಯಿ ಹಾಕಿದರು.

ಕುಶಲಾ ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ತಂದಳು. ಮೇಜಿನ ಬಳಿಗೆ ಬಂದು ಎರಡನ್ನೂ ಅಂಗೈ ಮೇಲೆ ಮಾಡಿ ಇಟ್ಟಳು. ಬೆರಳ ತುದಿಗಳು ಸುಟ್ಟ ಸೌದೆಯ ಹಾಗೆ. ಹೆಬ್ಬೆರಳ ಬುಡದಲ್ಲಿ ಒಡೆದ ಬೊಬ್ಬೆ, ಅದರ ಸುತ್ತ ಎದ್ದ ಚರ್ಮ. ಸೂಪರ್‌ವೈಸರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

“ನೋಡಿ ಸರ್,” ಅವಳು ಹೇಳಿದಳು. “ಕೊಳೆ ಎಲ್ಲಿ ಉಂಟು ತೋರಿಸಿ.”

ಹೆಡ್‌ಮಾಸ್ತರರು ಮುಖ ಬೇರೆ ಕಡೆ ಮಾಡಿ, “ಹೊರಗೆ ಹೋಗಿ ನಿಲ್ಲು” ಎಂದರು.

ಕುಶಲಾ ತಾಯಿಯನ್ನು ದಾಟಿ ಜಗಲಿಗೆ ಹೋದಳು.

ಆಮೇಲೆ ಹೆಡ್‌ಮಾಸ್ತರರು ಎದ್ದು ಹೊಸಿಲಿನವರೆಗೆ ಬಂದರು. ಅಷ್ಟು ಹತ್ತಿರದಿಂದ ಅವರು ಯಾವತ್ತೂ ಮಾತಾಡಿರಲಿಲ್ಲ.

“ಹುಡುಗಿಗೆ ಹಟ. ನಿನಗೆ ಬುದ್ಧಿ ಉಂಟು. ಅವಳು ಇನ್ನೂ ಮೈನರು, ತಾಯಿಯ ಹೆಬ್ಬೆಟ್ಟು ಬಿದ್ರೂ ನಡೀತದೆ. ನಾಳೆ ಹತ್ತು ಗಂಟೆಗೆ ಪೇಪರಿನ ಕಟ್ಟು ಹೋಗ್ತದೆ. ಅದಕ್ಕೆ ಮೊದಲು ಬಂದು ಒತ್ತಿ ಹೋಗು. ಅವಳಿಗೆ ಹೇಳ್ಬೇಕೂಂತ ಇಲ್ಲ.”

“ಬರದಿದ್ರೆ ಧನಿ?”

“ಬರದಿದ್ರೆ ರಿಪೋರ್ಟು ಹೋಗ್ತದೆ. ಮದರಾಸಿನವರು ನೋಡಿದ್ರೆ ನೋಡಿಯಾರು, ತೆಗ್ದು ಬದಿಗಿಟ್ರೂ ಇಟ್ಟಾರು. ಬದಿಗಿಟ್ರೆ ವರ್ಷವೇ ಹೋಯ್ತು. ಮುಂದಿನ ವರ್ಷ ಇವಳನ್ನು ಪುನಃ ಕೂರಿಸ್ಲಿಕ್ಕೆ ನಮ್ಮ ಕಮಿಟಿಯವರು ಒಪ್ತಾರೆ ಅಂತ ನಾನು ಹೇಳ್ಲಿಕ್ಕಾಗುವುದಿಲ್ಲ.”

“ಆಯ್ತು ಧನಿ. ಬರ್ತೇನೆ.”

ಆ ಮಾತು ತಾನಾಗಿ ಬಂತು. ದೊಡ್ಡವರ ಮುಂದೆ ಅವಳ ಬಾಯಿಗೆ ಬೇರೆ ಮಾತೇ ಗೊತ್ತಿರಲಿಲ್ಲ.

ದಿಣ್ಣೆ ಇಳಿಯುವಾಗ ಎಸ್ತೆರ್ ಜೊತೆಗೆ ಬಂದಳು. ಆಮೇಲೆ ಎಸ್ತೆರ್ ಪ್ರಶ್ನೆಪತ್ರಿಕೆ ಬಿಡಿಸಿದಳು.

“ಆರನೆಯದರ ಲೆಕ್ಕಕ್ಕೆ ನಿಂಗೆ ಎಷ್ಟು ಬಂತು?”

ಕುಶಲಾ ತಲೆ ಎತ್ತಿದಳು. ಆ ದಿನ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. “ದೂರದ ದೀಪಕ್ಕೆ ಎರಡು ಪಾಲು ಬೆಳಕು. ದೂರ ಎರಡು ಪಾಲು ಅಲ್ವಾ.”

“ಎರಡಲ್ಲ ಮಾರಾಯ್ತಿ, ನಾಲ್ಕು. ದೂರವನ್ನು ವರ್ಗ ಮಾಡ್ಲಿಕ್ಕುಂಟಲ್ಲ.”

ಕುಶಲಾ ನಿಂತುಬಿಟ್ಟಳು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. “ಹೌದು,” ಎಂದಳು. “ವರ್ಗ. ಗೊತ್ತಿತ್ತು. ಕೈ ಉರಿಯುವಾಗ ಬಿಟ್ಟುಹೋಯ್ತು.”

“ನಂಗೆ ಮೂರನೆಯದು ಹೋಯ್ತು. ಏಳನೆಯದು?”

“ಮಸೂರದ್ದಾ? ಪ್ರತಿಬಿಂಬ ತಲೆಕೆಳಗು, ಚಿಕ್ಕದು.”

“ನಂಗೂ ಅದೇ. ಎರಡನೆಯದು?”

ಅವರಿಬ್ಬರೂ ಒಂದೊಂದೇ ಪ್ರಶ್ನೆ ತಾಳೆ ನೋಡುತ್ತ ಮುಂದೆ ನಡೆದರು. ಕಿನ್ನಿ ಹಿಂದೆ. ಒಂದು ಸರಿ, ಒಂದು ತಪ್ಪು, ಒಂದು ಅರ್ಧ. ಮಗಳ ನಡಿಗೆ ಹಗುರಾಗುತ್ತ ಬಂತು. ಒಮ್ಮೆ ಇಬ್ಬರೂ ನಕ್ಕರು. ಒಂದು ತಿರುವಿನಲ್ಲಿ ಎಸ್ತೆರ್ ಬೀಳ್ಕೊಂಡಳು. “ಪಾಸಿಗೆ ಸಾಕು ನಿಂಗೆ,” ಎಂದಳು. “ಫಸ್ಟ್ ಕ್ಲಾಸು ಬಾರದಿದ್ರೂ ಪಾಸು ಖಂಡಿತ. ಅವರು ನೋಡಿದ್ರೆ.” ಕೊನೆಯ ಎರಡು ಮಾತು ಬಾಯಿಂದ ಬಿದ್ದ ಮೇಲೆ ಅವಳೇ ಮುಖ ತಗ್ಗಿಸಿದಳು.

ಉರ್ವದ ಕಡೆಯ ಓಣಿಗೆ ಇಳಿದ ಮೇಲೆ ಕಿನ್ನಿ ಹೇಳಿದಳು. “ಎಣ್ಣೆ ಹಚ್ಚಿದ್ದು ನಾನು.”

“ಹಚ್ಚದಿದ್ರೆ ಪೆನ್ನು ಹಿಡೀಲಿಕ್ಕೇ ಆಗ್ತಿರ್ಲಿಲ್ಲ ಅಪ್ಪೆ.”

“ಬಟ್ಟೆ ಕಟ್ಟಬಹುದಿತ್ತು.”

“ಬಟ್ಟೆ ಕಟ್ಟಿದ್ರೆ ಚೀಟಿ ಅಡಗಿಸಿಟ್ಟಿದ್ದಾಳೆ ಅಂತಿದ್ರು.” ಕುಶಲಾ ತಾಯಿಯ ಕಡೆ ತಿರುಗಿದಳು. “ನನ್ನನ್ನು ಹೊರಗೆ ಕಳಿಸಿ ನಿಂಗೆ ಎಂತ ಹೇಳಿದ್ರು?”

“ಎಂತ ಇಲ್ಲ. ಮಗಳಿಗೆ ಬುದ್ಧಿ ಹೇಳು ಅಂದ್ರು.”

“ನೀನೂ ಹೇಳ್ತೀಯಾ?”

ಹೊತ್ತಾಯಿತು, ಒಲೆ ಹಚ್ಚಬೇಕು ಎಂದಳು ಕಿನ್ನಿ.

ಗಂಜಿಗೆ ಅಕ್ಕಿ ಹಾಕಿ ಒಲೆಯ ಮುಂದೆ ಕೂತಾಗ ಅವಳು ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು. ಅದನ್ನು ಎಷ್ಟು ಕಡೆ ಒತ್ತಿದ್ದಳೋ. ಕಾರ್ಖಾನೆಗೆ ಸೇರುವಾಗ ಒತ್ತಿದ್ದಳು. ಈ ಗುಡಿಸಲಿನ ಜಾಗಕ್ಕೆ ಒತ್ತಿದ್ದಳು. ಗಂಡ ಸತ್ತನೆಂದು ತೋಟದವರು ತಂದ ಕಾಗದಕ್ಕೆ ಅಳುತ್ತಲೇ ಒತ್ತಿದ್ದಳು. ಏನು ಬರೆದಿದೆ ಎಂದು ಅವಳು ಕೇಳಿರಲಿಲ್ಲ, ಅವರೂ ಓದಿ ಹೇಳಿರಲಿಲ್ಲ. ಬೀಜದ ಎಣ್ಣೆ ಗೆರೆಗಳನ್ನು ತಿಂದ ಮೇಲೆ ಹೆಬ್ಬೆಟ್ಟು ನುಣ್ಣಗಾಗಿತ್ತು. ಈಚೆಗೆ ಒತ್ತಿದಾಗ ಬರೀ ಒಂದು ಕಪ್ಪು ಬೊಟ್ಟು ಮೂಡುತ್ತಿತ್ತು. ಯಾರದ್ದೂ ಆಗಬಹುದಾದ ಬೊಟ್ಟು. ಅದನ್ನೇ ಎಲ್ಲರೂ ಒಪ್ಪಿಕೊಂಡಿದ್ದರು. ಅವಳದ್ದು ಎನ್ನಲು ಅಲ್ಲಿ ಗೆರೆ ಬೇಕಾಗಿರಲಿಲ್ಲ.

ಇನ್ನೊಂದು ಸಲ ಒತ್ತಿದರೆ ಏನು? ಅವಳು ತನ್ನನ್ನೇ ಕೇಳಿಕೊಂಡಳು. ಒತ್ತಿದರೆ ಮಗಳು ಪಾಸು. ಟ್ರೈನಿಂಗು. ಬೋರ್ಡಿನ ಮುಂದೆ ಕುಶಲಾ ನಿಂತದ್ದು, ಬೆರಳಿಗೆ ಸೀಮೆಸುಣ್ಣ ಹತ್ತಿದ್ದು ಅವಳ ಕಣ್ಣಿಗೆ ಬಂತು. ಅದಕ್ಕಾಗಿ ಎಂಥ ಕಾಗದಕ್ಕಾದರೂ ಒತ್ತಬಹುದು. ಹೇಳದಿದ್ದರೆ ಮಗಳಿಗೆ ತಿಳಿಯುವುದೂ ಇಲ್ಲ. ಬೆಳಿಗ್ಗೆ ಹೋಗುವುದೆಂದೇ ಅವಳು ಅಂದುಕೊಂಡಳು.

ಬೆಳಿಗ್ಗೆ ಕುಶಲಾ ಬೇಗನೆ ಎದ್ದು ಪುಸ್ತಕ ಹಿಡಿದಿದ್ದಳು. ಆ ದಿನದ ಪರೀಕ್ಷೆ ಮಧ್ಯಾಹ್ನಕ್ಕೆ. ಎಣ್ಣೆಯ ಕುಪ್ಪಿಯ ಕಡೆ ಇಬ್ಬರೂ ನೋಡಲಿಲ್ಲ. ಕಿನ್ನಿ ಮೂಲೆಯ ಪೆಟ್ಟಿಗೆಯಿಂದ ನೀಲಿ ಅಂಚಿನ ಸೀರೆ ತೆಗೆದು ಉಟ್ಟಳು. ಕಾಗದಕ್ಕೆ ಒತ್ತಲಿಕ್ಕೆ ಹೋ‍ಗುವವಳು ನೋಡಲು ಶುಚಿಯಾಗಿರಬೇಕು ಎಂದು ಅವಳಿಗೆ ಅನಿಸಿತ್ತು. ಅನಿಸಿದ್ದು ಏನೆಂದು ಹೊಳೆದಾಗ ಅವಳ ಕೈ ನೆರಿಗೆಯ ಮೇಲೇ ನಿಂತಿತು.

“ಎಂತ, ಫ್ಯಾಕ್ಟರಿಗೆ ಇದನ್ನು ಉಟ್ಟದ್ದು?” ಕುಶಲಾ ಕೇಳಿದಳು.

“ಇನ್ನೊಂದು ಒಣಗಲಿಲ್ಲ.”

ಹಂಪನಕಟ್ಟೆಯವರೆಗೆ ಅವಳು ಬೇಗ ಬೇಗ ನಡೆದಳು. ಜಟಕಾ ನಿಲ್ಲುವ ಕಡೆ ದಾರಿ ಎರಡಾಗುತ್ತದೆ. ಮೇಲೆ ಹೋದರೆ ಶಾಲೆ. ಕೆಳಗೆ ಹೋದರೆ ಕಾರ್ಖಾನೆ. ಅಲ್ಲಿ ಅವಳು ನಿಂತಳು.

ಓದು ಬಾರದವಳು. ಕೇಳಿದ್ದು ಮರೆಯುವವಳಲ್ಲ. ನಿನ್ನೆ ಓದಿದ ಸಾಲು ಅಕ್ಷರ ಬಿಡದೆ ಅವಳ ಕಿವಿಯಲ್ಲಿತ್ತು. ಶುಚಿತ್ವದ ಅಭ್ಯಾಸವಿಲ್ಲದ ಕಾರಣ. ಅಭ್ಯಾಸ ಮಾಡಿಸಬೇಕಾದವಳು ಯಾರು? ತಾಯಿ. ಮಗಳು ತೆವಳುತ್ತಿದ್ದಾಗಿನಿಂದ ದಿನವೂ ಅವಳ ಕೈ ತೊಳೆದವಳು ತಾನು. ಶಾಲೆಗೆ ಹೊರಟಾಗ ಉಗುರಿನ ಸಂದಿಯನ್ನು ಈಚಲ ಕಡ್ಡಿಯಿಂದ ಗೀರಿದವಳು ತಾನು. ಬೇರೆ ಮಕ್ಕಳು ಮಣ್ಣಿನ ಕೈಯಲ್ಲೇ ಶಾಲೆಗೆ ಹೋದರೂ ನಡೆಯುತ್ತದೆ, ನಿನಗೆ ನಡೆಯುವುದಿಲ್ಲ ಎಂದು ಬಡಿದು ತೊಳೆದವಳು. ಹುಡುಗಿ ಅತ್ತದ್ದೂ ಉಂಟು. ಆ ಕಾಗದದ ಕೆಳಗೆ ತಾನು ಒತ್ತಿದರೆ ಅದಷ್ಟೂ ಸುಳ್ಳಾಯಿತು ಎಂದು ತಾನೇ ಹೇಳಿದ ಹಾಗೆ.

ಕಾಗದ ಮದರಾಸಿಗೆ ಹೋಗುತ್ತದೆ. ಅಲ್ಲಿ ಯಾವನೋ ಓದುತ್ತಾನೆ, ಪಾಪ ಎನ್ನುತ್ತಾನೆ. ಆಮೇಲೆ ಹೆಡ್‌ಮಾಸ್ತರರ ಬಾಯಲ್ಲಿ, ಆ ಸೂಪರ್‌ವೈಸರ ಬಾಯಲ್ಲಿ ಊರೂರು ತಿರುಗುತ್ತದೆ. ಮಗಳು ಯಾವ ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತರೂ ಅದು ಅವಳಿಗಿಂತ ಮೊದಲು ಅಲ್ಲಿಗೆ ಹೋಗಿರುತ್ತದೆ. ನಿನ್ನ ತಾಯಿಯೇ ಒಪ್ಪಿದ್ದಾಳಲ್ಲ, ಎನ್ನುತ್ತಾರೆ.

ಪೇಪರನ್ನು ಬದಿಗಿಟ್ಟರೆ? ಇಡಬಹುದು. ಇಟ್ಟೇ ಇಡುತ್ತಾರೆಂದು ಅವಳಿಗೆ ಅನಿಸಿತು. ಆಗ ಮುಂದಿನ ವರ್ಷ ಇನ್ನೊಂದು ಶಾಲೆಯ ಬಾಗಿಲು ತಟ್ಟಬೇಕು. ಈ ಮಣಿಕಟ್ಟು ಇನ್ನೊಂದು ವರ್ಷ ಕೊಡತಿ ಎತ್ತಬೇಕು. ಊದಿದರೆ ಊದಿದ್ದರಲ್ಲೇ ಎತ್ತಬೇಕು. ಜಾಗ ಹೋದರೆ ಹೋಗಲಿ, ಬೇರೆ ಕಲ್ಲು ಹುಡುಕಬೇಕು. ಏನೇ ಆದರೂ ಆ ಹುಡುಗಿ ಇನ್ನು ಬೀಜ ಮುಟ್ಟಕೂಡದು.

ಜಟಕಾದವನು “ಏ, ದಾರಿ ಬಿಡು” ಎಂದ. ಅವಳು ಬದಿಗೆ ಸರಿದಳು. ಮೇಲಿನ ದಾರಿಯಲ್ಲಿ ಹುಡುಗರಿಬ್ಬರು ಪುಸ್ತಕ ಬಗಲಲ್ಲಿಟ್ಟುಕೊಂಡು ಏನೋ ವಾದಿಸುತ್ತ ಹೋಗುತ್ತಿದ್ದರು. ಕಿನ್ನಿ ಕೆಳಗಿನ ದಾರಿ ಹಿಡಿದಳು.

ಕೊಟ್ಟಿಗೆಯಲ್ಲಿ ಬೀಜ ಹುರಿದ ಹೊಗೆ ತುಂಬಿತ್ತು. ಅಪೊಲೋನಿಯಾ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

“ಎಂತ ಇದು, ಆದಿತ್ಯವಾರ ಇಗರ್ಜಿಗೆ ಹೊರಟ ಹಾಗೆ? ಎಲ್ಲಿಗೆ ಹೋಗ್ಲಿಕ್ಕುಂಟು?”

“ಎಲ್ಲಿಗೂ ಇಲ್ಲ.”

“ಒಳ್ಳೇ ಸೀರೆ ಹಾಳಾಗ್ತದಲ್ಲ ಮಾರಾಯ್ತಿ.”

“ಆಗ್ಲಿ.”

ಗುರುವಪ್ಪ ಮೇಸ್ತ್ರಿ ಸಾಲಿನ ನಡುವೆ ಬಂದು ನಿಂತ. “ನಿನ್ನೆ ಅರ್ಧ ದಿನ ಹೋದೆ. ಇವತ್ತೂ ಮಧ್ಯದಲ್ಲಿ ಎದ್ದು ಹೋಗ್ಲಿಕ್ಕೆ ಉಂಟಾ? ಇದ್ರೆ ಈಗಲೇ ಹೇಳು, ಬೇರೆಯವಳನ್ನು ಕೂರಿಸ್ತೇನೆ.”

“ಇಲ್ಲ,” ಕಿನ್ನಿ ಹೇಳಿದಳು.

ಧನಿ ಎಂದು ಸೇರಿಸುವುದು ಬಿಟ್ಟುಹೋಯಿತು. ಮೇಸ್ತ್ರಿ ಒಂದು ಕ್ಷಣ ಅವಳ ಮುಖ ನೋಡಿದ, ಆಮೇಲೆ ಮುಂದಿನ ಸಾಲಿಗೆ ಹೋದ. ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಬೀಜವನ್ನು ಕಲ್ಲಿನ ಮೇಲೆ ನಿಲ್ಲಿಸಿದಳು. ಮೊದಲ ಏಟಿಗೇ ಎಣ್ಣೆ ಚಿಮ್ಮಿ ನೀಲಿ ಅಂಚಿನ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಬುಟ್ಟಿ ಕಾಲುಭಾಗಕ್ಕೆ ಬಂದಾಗ ದೂರದಲ್ಲೆಲ್ಲೋ ಹತ್ತು ಗಂಟೆ ಹೊಡೆಯಿತು. ಪಕ್ಕದಲ್ಲಿ ಅಪೊಲೋನಿಯಾ ಗಂಡನ ಕೆಮ್ಮಿನ ವಿಷಯ ಹೇಳುತ್ತಿದ್ದಳು. ಕಿನ್ನಿ ಹೂಂ ಎನ್ನುತ್ತ ಕೇಳುತ್ತಿದ್ದಳು.